ಆಡಿ ಶುಕ್ರವಾರದ ಟೆಲೆಕ್ಸ್

ಭಾಮಾ ಬಾಗಿಲಿಗೆ ಬೀಗ ಹಾಕಿದರೆ ಮೂರು ಸಲ ಎಳೆದು ನೋಡುವವಳು. ಮಗುವಿನ ಹಾಲು ಉಕ್ಕಿದ್ದನ್ನು ಕಣ್ಣಾರೆ ಕಂಡರೂ ಇನ್ನೊಮ್ಮೆ ಒಲೆಗಿಡುವವಳು. ಕೊಯಮತ್ತೂರಿನ ಕಾನ್ವೆಂಟಿನಲ್ಲಿ ಓದಿ, ಟೈಪಿಂಗ್ ಹೈಯರ್ ಪಾಸು ಮಾಡಿ, ಮದುವೆಯಾಗಿ ತಿರುಪ್ಪೂರಿಗೆ ಬಂದ ಅವಳಿಗೆ ಸಿಕ್ಕ ಕೆಲಸವೂ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. ಶಣ್ಮುಗಂ ಅವರ ಬನಿಯನ್ ಕಂಪನಿಯಲ್ಲಿ ದೂರದೇಶಕ್ಕೆ ಅಕ್ಷರದಲ್ಲೇ ಸುದ್ದಿ ಕಳಿಸುವ ಟೆಲೆಕ್ಸ್ ಯಂತ್ರ ನೋಡಿಕೊಳ್ಳುವುದು. ಆ ಯಂತ್ರವೂ ಅವಳ ಹಾಗೆ ಸಂಶಯದ್ದೇ. ನಂಬರು ತಿರುಗಿಸಿದ ಕೂಡಲೇ ಮಾತಿಗಿಳಿಯುವುದಿಲ್ಲ, ಮೊದಲು "ನೀನು ಯಾರು?" ಅನ್ನುತ್ತದೆ. ಅತ್ತಲಿನ ಯಂತ್ರ ತನ್ನ ಹೆಸರನ್ನು ಕಾಗದದ ಮೇಲೆ ಹೊಡೆದು ತೋರಿಸಬೇಕು. ಆಮೇಲೆ ಭಾಮಾ ಸುದ್ದಿಯನ್ನು ತೂತುಗಳಾಗಿ ಕೊರೆದಿಟ್ಟ ಕಾಗದದ ಟೇಪನ್ನು ಓಡಿಸುತ್ತಾಳೆ. ಮುಗಿದ ಮೇಲೆ ಮತ್ತೆ ಹೆಸರು ಕೇಳುತ್ತಾಳೆ. ಎರಡೂ ಸಲ ಅದೇ ಹೆಸರು ಬಂದರೆ ಮಾತ್ರ ಸುದ್ದಿ ಮುಟ್ಟಿತೆಂದು ನಂಬಿಕೆ.

ಎಂಬತ್ತಾರನೇ ಇಸವಿಯ ಆಡಿ ಮಾಸದಲ್ಲಿ, ತಮಿಳರ ಆಷಾಢದಲ್ಲಿ, ಈ ನಂಬಿಕೆಗೇ ಕಲ್ಲು ಬಿತ್ತು. ಜರ್ಮನಿಗೆ ಹಾಕಿದ ಕರೆ ಸೇರುತ್ತಿತ್ತು, ಟಕ್ಕೆಂದು ಕಡಿದು ಹೋಗುತ್ತಿತ್ತು. ಅದೂ ಶುಕ್ರವಾರ, ಶನಿವಾರ ಮಾತ್ರ. ಸೋಮವಾರ ಮೆಕ್ಯಾನಿಕ್ ಜಯರಾಮನ್ ಬಂದು ಎಂದಿನಂತೆ ಯಂತ್ರ ಒರೆಸಿ, ಎಣ್ಣೆ ಬಿಟ್ಟು ನೋಡಿದರೆ ಎಲ್ಲ ಸರಿಯಾಗಿರುತ್ತಿತ್ತು.

ಮೂರನೆಯ ಶುಕ್ರವಾರ ಬೆಳಗ್ಗೆ ಅತ್ತೆ ಕಮಲಾಕ್ಷಮ್ಮ ಮಗುವನ್ನು ಸೊಂಟದಲ್ಲಿಟ್ಟುಕೊಂಡೇ ಬಾಗಿಲಿಗೆ ಬಂದರು.

"ಮಗೀಗೆ ಮೈ ಬೆಚ್ಚಗದೆ. ಆ ಮಿಷಿನ್ಗೆ ಬೇರೆ ಆಳು ಸಿಕ್ತಾರೆ. ಮಗೀಗೆ ಯಾರಮ್ಮಾ ಸಿಕ್ತಾರೆ?"

ಬೆಚ್ಚಗಿರುವುದು ನಿಜವೋ, ತನ್ನನ್ನು ಮನೆಯಲ್ಲಿ ಕೂಡಿಸುವ ಉಪಾಯವೋ ಎಂದು ಭಾಮಾ ಮಗುವಿನ ಹಣೆ, ಕತ್ತು, ಅಂಗಾಲು ಮುಟ್ಟಿ ನೋಡಿದಳು. ಒಮ್ಮೆ ಬೆಚ್ಚಗಿತ್ತು, ಇನ್ನೊಮ್ಮೆ ಬೆಚ್ಚಗಿರಲಿಲ್ಲ. ಬಸ್ಸಿನುದ್ದಕ್ಕೂ ಅದೇ ಲೆಕ್ಕ.

ಕಂಪನಿಯಲ್ಲಿ ಶಣ್ಮುಗಂ ಕಾಯುತ್ತಿದ್ದರು. ಆರ್ಡರು ಒಪ್ಪಿದೆವೆಂಬ ಸುದ್ದಿ ಆ ದಿನ ಜರ್ಮನಿಯ ಆಫೀಸು ಮುಚ್ಚುವುದರೊಳಗೆ ಹೋಗಬೇಕಿತ್ತು. ಮಧ್ಯಾಹ್ನ ಎರಡರ ಹೊತ್ತಿಗೆ ಐದು ಸಲ ಹಾಕಿದಳು, ಐದು ಸಲವೂ ಕಡಿಯಿತು.

"ಮದರಾಸಿಗೆ ಹೋಗ್ತದೆ, ಜರ್ಮನಿಗೆ ಹೋಗಲ್ಲ. ಅದೂ ವೆಳ್ಳಿಕ್ಕಿಳಮೆ, ಶುಕ್ರವಾರ, ಬಂದ್ರೆ ಸಾಕು. ಮಿಷಿನ್ಗೆ ಕ್ಯಾಲೆಂಡರ್ ಓದಕ್ಕೆ ಬರ್ತದಾ ಅಮ್ಮಣಿ?" ಅಂದರು ಶಣ್ಮುಗಂ. ದನಿ ಏರಿಸಲಿಲ್ಲ, ಅದೇ ಭಯ ಹುಟ್ಟಿಸಿತು. "ನಿಮ್ಮ ಮೈದುನ ಅವಿನಾಶಿ ರಸ್ತೆ ಕಂಪನೀಲಿ ತಾನೇ ಇರೋದು? ಇದೇ ಆರ್ಡರಿಗೆ ಅವರೂ ಕೈ ಚಾಚಿದಾರೆ. ಸಂಜೆಯೊಳಗೆ ಹೋಗ್ಲಿಲ್ಲ ಅಂದ್ರೆ ನೀವು ನಾಳೆಯಿಂದ ಮಗೂನ ನೋಡ್ಕೊಳ್ಳಿ."

ಭಾಮಾ ಟೇಪು ಕೆಟ್ಟಿರಬಹುದೆಂದು ಹೊಸದು ಕೊರೆದಳು. ಟೇಪೇ ಬೇಡವೆಂದು ಕೈಯಿಂದ ಹೊಡೆಯಲು ಹೋದಳು. ಒಂದಕ್ಷರ ಹೋಗುವ ಮೊದಲೇ ಲೈನು ಕಡಿಯಿತು. ಜರ್ಮನಿಯವನೇ ಆರ್ಡರು ಬೇರೆಯವರಿಗೆ ಕೊಟ್ಟು ಆಟವಾಡುತ್ತಿರಬಹುದೆ? ಜಯರಾಮನ್ ಸೋಮವಾರ ಏನಾದರೂ ತಿರುಚಿ ಹೋಗಿರಬಹುದೆ? ಅವನಿಗೇ ಫೋನು ಮಾಡಿದಳು.

"ಲೈನ್ ಕ್ಲೀನಾಗಿದೆ ಮೇಡಂ," ಅವನು ನಕ್ಕ. "ಹೊರದೇಶದ ಎಕ್ಸ್‌ಚೇಂಜು ನಿಮ್ಮ ಕಾಲ್ ತೊಗೊಂಡು ಅದೇ ಕಟ್ ಮಾಡ್ತಿದೆ. ಯಾಕೋ ನಿಮ್ಮನ್ನ ನಂಬ್ತಿಲ್ಲ."

ಶಣ್ಮುಗಂ ನಂಬಲಿಲ್ಲ, ಈಗ ಎಕ್ಸ್‌ಚೇಂಜೂ ನಂಬುತ್ತಿಲ್ಲ. ನಂಬದಿರುವುದರಲ್ಲಿ ಅವಳಿಗಿಂತ ಪಳಗಿದವರು ಯಾರು? ಮನೆ ಬಾಗಿಲಿಗೆ ಬಂದವನನ್ನು ತಾನು ಯಾವಾಗ ಒಳಗೆ ಬಿಡುವುದಿಲ್ಲ? ಯಾರು ಅಂತ ಕೇಳಿದಾಗ ಬಾಯಿ ಬಿಡದಿದ್ದರೆ.

ಹೋದ ತಿಂಗಳ ಕಾಗದವನ್ನು ಫೈಲಿನಿಂದ ಕಿತ್ತು ಇವತ್ತಿನದರ ಪಕ್ಕಕ್ಕಿಟ್ಟಳು. ಹಳೆಯದರಲ್ಲಿ ಮೇಲಿನ ಸಾಲಿನಲ್ಲಿ ಅವಳ ಕಂಪನಿಯ ಹೆಸರು, ಕೆಳಗೆ ಜರ್ಮನಿಯದು. ಇವತ್ತಿನದರಲ್ಲಿ ಮೇಲಿನ ಸಾಲು ಖಾಲಿ. ಹೊರದೇಶದ ಎಕ್ಸ್‌ಚೇಂಜು ಮೊದಲು "ನೀನು ಯಾರು?" ಎಂದು ಇವಳ ಯಂತ್ರವನ್ನೇ ಕೇಳುತ್ತಿತ್ತು, ಉತ್ತರ ಬರದಿದ್ದರೆ ಕಡಿಯುತ್ತಿತ್ತು. ಮದರಾಸಿನವರು ಕೇಳುತ್ತಿರಲಿಲ್ಲ. ಅತ್ತಲಿನವರ ಹೆಸರನ್ನು ಎರಡೆರಡು ಸಲ ತಾಳೆ ನೋಡಿದವಳು ತನ್ನ ಹೆಸರಿನ ಸಾಲಿನ ಮೇಲೆ ಒಂದು ದಿನವೂ ಕಣ್ಣು ಹಾಯಿಸಿರಲಿಲ್ಲ.

ಹೆಸರು ಹೇಳುವುದು ಯಂತ್ರದೊಳಗಿನ ಒಂದು ಸಣ್ಣ ಹಲ್ಲಿನ ಚಕ್ರ. ಯಾರಾದರೂ ಕೇಳಿದರೆ ಒಂದು ಸುತ್ತು ತಿರುಗುತ್ತದೆ. ಭಾಮಾ ಬಗ್ಗಿ ನೋಡಿದಳು. ಹಲ್ಲುಗಳ ನಡುವೆ ಹಳದಿಯಾಗಿ ಏನೋ ಗಟ್ಟಿ ಕಟ್ಟಿತ್ತು, ನಡುವೆ ಕೆಂಪು ಚುಕ್ಕೆ. ಮೂಸಿದಳು. ಗಂಧ.

"ಮುದಲಾಳಿ, ಇಲ್ಲಿ ಬನ್ನಿ."

ಶಣ್ಮುಗಂ ಬಂದು ನೋಡಿದರು. ಚಕ್ರವನ್ನಲ್ಲ, ಅವಳ ಮುಖವನ್ನು. "ಇದನ್ನ ನೀವೇ ಮೆತ್ತಿಲ್ಲ ಅಂತ ಹೇಗೆ ನಂಬೋದು?"

ಅಷ್ಟರಲ್ಲಿ ಶಣ್ಮುಗಂ ಅವರ ತಾಯಿ ತಂಗಮಣಿಯಮ್ಮ, ಯಂತ್ರಗಳ ಪೂಜೆ ಮುಗಿಸಿ ಊಟ ಮಾಡಿ ಮಲಗಿದ್ದವರು, ಮಾತು ಕೇಳಿ ಎದ್ದು ಬಂದರು.

"ನಾನೇ ಇಟ್ಟೆ. ಮತ್ಯಾರು ಇಡ್ತಾರೆ? ಆಡಿ ವೆಳ್ಳಿ ಅಲ್ವಾ! ಹೆಣೆಯೋ ಮಿಷಿನ್ಗೆಲ್ಲ ಚಕ್ರಕ್ಕೇ ಇಡೋದು. ಇದು ತೈ ತಿಂಗಳಲ್ಲಿ, ಸಂಕ್ರಾಂತಿ ಹೊತ್ತಿಗೆ ಬಂದದ್ದು, ಇದಕ್ಕಿದು ಮೊದಲ ಆಡಿ. ಹೊಟ್ಟೆ ತೆರೆದುಕೊಂಡು ಬೋಳು ಹಣೇಲಿ ಕೂತಿತ್ತು, ಪಾವಂ." ಮಗನ ಕಡೆ ತಿರುಗಿದರು. "ಆ ಹುಡುಗಿ ಮೇಲೆ ಯಾಕೋ ಹಾರಾಡ್ತೀಯ? ನನ್ನ ಕೇಳಿದ್ರೆ ನಾಲಿಗೆ ಸವೀತಿತ್ತಾ?"

ಶಣ್ಮುಗಂ ಕಿಟಕಿಯಾಚೆ ನೋಡಿದರು. ಭಾಮಾಳಿಗೂ ನಗು ಬರಲಿಲ್ಲ. ಯಂತ್ರ ಬಿಸಿಯಾಗುತ್ತದೆಂದು ಅದರ ಮುಚ್ಚಳ ತೆಗೆದಿಟ್ಟವಳು ತಾನೇ.

ಹಳೆಯ ಹಲ್ಲುಜ್ಜುವ ಬ್ರಷ್ಷಿಗೆ ಸೀಮೆಣ್ಣೆ ಅದ್ದಿ, ಒಂದೊಂದೇ ಹಲ್ಲು ಉಜ್ಜಿದಳು. ಚಕ್ರ ಕಿರುಗುಟ್ಟಿ ತಿರುಗಿತು. ಮತ್ತೆ ನಂಬರು ಹಾಕಿದಳು. ಮೇಲಿನ ಸಾಲಿನಲ್ಲಿ ಕಂಪನಿಯ ಹೆಸರು ಮೂಡಿತು, ಕೆಳಗೆ ಜರ್ಮನಿಯದು. ಟೇಪು ಓಡಿತು. ಕೊನೆಯಲ್ಲಿ ಮತ್ತೆ ಅದೇ ಹೆಸರು.

ಶಣ್ಮುಗಂ ಕ್ಷಮೆ ಕೇಳುವ ಜಾತಿಯವರಲ್ಲ. ಶನಿವಾರ ಅವಳು ಬಂದಾಗ ಯಂತ್ರದ ಮೇಲೆ ಮುಚ್ಚಳವಿತ್ತು, ಟೆಲೆಕ್ಸ್ ಕೋಣೆಯ ತೆರೆದ ಬಾಗಿಲಲ್ಲಿ ಹೊಸ ಬೀಗ ನೇತಾಡುತ್ತಿತ್ತು. "ಇರೋದು ಒಂದೇ ಕೀಲಿ, ನೀವೇ ಇಟ್ಕೊಳ್ಳಿ ಅಮ್ಮಣಿ. ನೀವಿಲ್ಲದೆ ಅಮ್ಮನೂ ಒಳಗೆ ಹೋಗೋ ಹಾಗಿಲ್ಲ," ಅಂದರು.

ಕೆಲಸ ಉಳಿಯಿತು. ಕೀಲಿಯನ್ನು ತಾಳಿಸರಕ್ಕೆ ಪಿನ್ನು ಹಾಕಿ ಸಿಕ್ಕಿಸಿಕೊಂಡಳು. ಮನೆಗೆ ಹೋಗುವ ಬಸ್ಸಿನಲ್ಲಿ ಹೊಸ ಸಂಶಯ ಹುಟ್ಟಿತು: ಇದು ನಂಬಿಕೆಯೋ, ಇನ್ನು ಮುಂದೆ ಏನು ಕೆಟ್ಟರೂ ಬೇರೆ ಯಾರ ಕಡೆಗೂ ಬೆರಳು ತೋರಿಸಲಾಗದ ಹಾಗೆ ಮಾಡಿದ ಉಪಾಯವೋ? ಬಾಗಿಲಲ್ಲಿ ಕಮಲಾಕ್ಷಮ್ಮ, "ಮಗೀಗೆ ಮೈ ತಣ್ಣಗಾಯ್ತು" ಅಂದರು. ಭಾಮಾ ಹಣೆ, ಕತ್ತು, ಅಂಗಾಲು ಮುಟ್ಟಿ ನೋಡಿದಳು.