ಡೈನಮೋ ಇನಾಸ
ದಾಂಡೇಲಿಯ ಕಟ್ಟಿಗೆ ಕೊಯ್ಯುವ ಮಿಲ್ಲಿಗೆ ಕರೆಂಟು ಕೊಡುವ ಡೈನಮೋ ಕಾಯುವವನು ಇನಾಸ. ಎರಡನೇ ಮಹಾಯುದ್ಧ ಶುರುವಾದಂದಿನಿಂದ ಅದರ ಮಗ್ಗುಲಲ್ಲೇ ಕೂತು ಕೂತು, ಆ ಗುಂಯ್ ಸದ್ದು ಕಿವಿಯಲ್ಲಿ ಇಲ್ಲದಿದ್ದರೆ ಅವನಿಗೆ ಊಟವೂ ಸೇರುವುದಿಲ್ಲ. "ನನ್ನ ಕೈಯಾಗ ಬಲ್ಬ್ ಕೊಡ್ರಿ, ಹಂಗ ಹತ್ತತೈತಿ" ಎಂದು ಬಂದವರ ಮುಂದೆ ಎದೆ ಉಬ್ಬಿಸುತ್ತಾನೆ. ಹೆಂಡತಿ ಮಾರ್ಗರೀಟಾ ಹತ್ತಿರ ಬಂದರೆ, "ದೂರ ಸರಿ, ಶಾಕ್ ಹೊಡದೀತು" ಎಂದು ನಗುತ್ತಾನೆ. ತಲೆ ಸಿಡಿಯುವ ದಿನ ಮಾತ್ರ ನಗುವುದಿಲ್ಲ. ಇಂಜಿನಿಯರ್ ಸಾಹೇಬರು, "ಇದರಿಂದ ಮೈಗೆ ಏನೂ ಆಗೂದಿಲ್ಲೋ" ಎನ್ನುತ್ತಲೇ, ಡೈನಮೋದ ಹತ್ತಿರ ಒಯ್ದರೆ ಅದರ ಅಯಸ್ಕಾಂತದ ಸೆಳೆತಕ್ಕೆ ನಿಂತುಹೋಗುತ್ತದೆಂದು ತಮ್ಮ ಗಡಿಯಾರವನ್ನು ಬಾಗಿಲಾಚೆಯ ಮೊಳೆಗೆ ತೂಗುಹಾಕಿ ಒಳಗೆ ಬರುತ್ತಾರೆ. ಮೊನ್ನೆ ಇನಾಸ ಅದರ ಪಕ್ಕದಲ್ಲೇ ಇನ್ನೊಂದು ಮೊಳೆ ಬಡಿದ. "ಇದ್ಯಾಕೋ?" ಎಂದರು ಸಾಹೇಬರು. ಇನಾಸ ಕಣ್ಣು ಕೆಳಗಿಳಿಸಲಿಲ್ಲ: "ನೀವು ಗಡಿಯಾರ ತೂಗಹಾಕ್ತೀರಿ. ನಾ ನನ್ನ ಜೀವಾ ತೂಗಹಾಕಿ ಒಳಗ ಹೋಗ್ತೇನ್ರಿ."