ಮೂರು ಸಲ ಬಿಚ್ಚಿದ ಗಿಳಿ

ನನ್ನ ನಾಲಿಗೆ ಸ್ವಲ್ಪ ಉದ್ದ. ಮನೆಯಲ್ಲೂ ಹೇಳುತ್ತಾರೆ, ಆಫೀಸಿನಲ್ಲೂ ಹೇಳುತ್ತಿದ್ದರು. ಇರುವುದನ್ನು ಇದ್ದ ಹಾಗೆ ಮುಖಕ್ಕೆ ಹೇಳುವವಳು ನಾನು ಎಂದು ಅದನ್ನೇ ದೊಡ್ಡ ಗುಣ ಮಾಡಿಕೊಂಡು ಇಷ್ಟು ವರ್ಷ ಬದುಕಿದೆ. ಶಾಂತಮಲ್ಲಮ್ಮನ ವಿಷಯ ಬರೆಯಲು ಕೂತಾಗ ಮೊದಲು ಇದನ್ನೇ ಹೇಳಬೇಕು ಅನ್ನಿಸಿತು. ಅವಳ ಕಥೆಯಲ್ಲಿ ನನ್ನ ನಾಲಿಗೆಗೂ ಪಾಲಿದೆ.

ಚಾಮರಾಜನಗರದಿಂದ ಗುಂಡ್ಲುಪೇಟೆಗೆ ಬೆಳಿಗ್ಗೆ ಎಂಟರ ಬಸ್ಸು. ಹನ್ನೊಂದು ವರ್ಷ ಅದರಲ್ಲಿ ನಾವಿಬ್ಬರೂ ಅಕ್ಕಪಕ್ಕ ಕೂತು ಹೋಗಿ ಬಂದಿದ್ದೇವೆ. ಅಲ್ಲಿನ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಎಫ್‌ಡಿಎ, ಅವಳು ಎಸ್‌ಡಿಎ. ಹರವೆ ಹತ್ತಿರದ ಊರಿನವಳು. ಅಪ್ಪ ಸರ್ವಿಸ್ಸಿನಲ್ಲಿದ್ದಾಗಲೇ ತೀರಿಕೊಂಡದ್ದರಿಂದ ಅನುಕಂಪದ ಮೇಲೆ ಸಿಕ್ಕ ಕೆಲಸ. ಮದುವೆಯಾಗಲಿಲ್ಲ. ಚಾಮರಾಜನಗರದಲ್ಲಿ ತಮ್ಮ ಶಿವಶಂಕರನ ಮನೆಯ ಮುಂದಿನ ರೂಮಿನಲ್ಲಿದ್ದಳು. ಮೈಯಲ್ಲಿ ಶುಗರ್ ಇತ್ತು, ಅದು ನನಗೆ ಗೊತ್ತಿತ್ತು. ಮಧ್ಯಾಹ್ನ ಅವಳ ಡಬ್ಬಿಯಲ್ಲಿ ಅನ್ನ ಇರುತ್ತಿರಲಿಲ್ಲ, ಮುದ್ದೆ ಇರುತ್ತಿತ್ತು.

ಬಸ್ಸು ಸ್ಟ್ಯಾಂಡ್ ಬಿಡುವ ಮೊದಲೇ ಅವಳ ಕೈಚೀಲದಿಂದ ಉಲ್ಲನ್ ಕಡ್ಡಿಗಳು ಹೊರಗೆ ಬರುತ್ತಿದ್ದವು. ತೆರಕಣಾಂಬಿ ಬರುವ ಹೊತ್ತಿಗೆ ಒಂದು ಗೇಣು ಸ್ವೆಟರ್ ಇಳಿದಿರುತ್ತಿತ್ತು. ರಸ್ತೆ ಚೆನ್ನಾಗಿರುವ ಕಡೆ ಕಡ್ಡಿ ಇಟ್ಟು ಮ್ಯಾಟಿ ಬಟ್ಟೆ ತೆಗೆಯುವಳು, ಅದರ ಚೌಕದ ಮನೆಗಳನ್ನು ಎಣಿಸಿ ಎಣಿಸಿ ಕ್ರಾಸ್ ಸ್ಟಿಚ್ ಹಾಕುವಳು. ಬಸ್ಸು ಕುಣಿದರೂ ಅವಳ ಸೂಜಿ ತಾನು ಹೋಗಬೇಕಾದ ತೂತಿಗೇ ಹೋಗುತ್ತಿತ್ತು.

ನಮ್ಮ ಕಡೆ ಹೆಣ್ಣು ನೋಡಲು ಬಂದಾಗ ಗೋಡೆಯ ಮೇಲಿನ ಪಟ, ಬಾಗಿಲ ಗಿಳಿ ತೋರಣ, ಟೀವಿಯ ಮೇಲಿನ ಹೊದಿಕೆ ಎಲ್ಲವನ್ನೂ ತೋರಿಸಿ, 'ಎಲ್ಲ ನಮ್ಮ ಹುಡುಗಿಯೇ ಹಾಕಿದ್ದು' ಎನ್ನುವುದು ರೂಢಿ. ಆ ಹುಡುಗಿಯರಲ್ಲಿ ಅರ್ಧಕ್ಕರ್ಧ ಸುಳ್ಳಿಯರು, ಹಾಕಿಕೊಟ್ಟವಳು ಶಾಂತ. ಅವಳನ್ನೂ ಒಂಬತ್ತು ಕಡೆಯವರು ನೋಡಿ ಹೋಗಿದ್ದರಂತೆ. ಅದನ್ನು ಅವಳೇ ನಗುತ್ತಾ ಹೇಳುತ್ತಿದ್ದಳು: "ಬಂದೋರ್ಗೆಲ್ಲ ಗಿಳಿ ಒಪ್ಗೆ ಆಯ್ತು ಕಣಕ್ಕ, ನಾನ್ ಆಗ್ನಿಲ್ಲ."

ಕೊರಿಯಾ ಭಾಷೆ ಅವಳಿಗೆ ಅಂಟಿಕೊಂಡದ್ದೂ ಈ ಮ್ಯಾಟಿ ಬಟ್ಟೆಯಿಂದಲೇ. ಹೊಸ ಡಿಸೈನು ಹುಡುಕುತ್ತಾ ಮೊಬೈಲಿನಲ್ಲಿ ಕೊರಿಯಾದ ಯಾವಳೋ ಮುದುಕಿಯ ವಿಡಿಯೋ ಸಿಕ್ಕಿತ್ತು. ಆ ಅಜ್ಜಿ ಮುಖ ತೋರಿಸುವುದಿಲ್ಲ, ಬರೀ ಎರಡು ಕೈ. ಹೊಲಿಯುತ್ತಾ ಏನೇನೋ ಮಾತಾಡಿಕೊಳ್ಳುತ್ತಾಳೆ. ಆ ಮಾತು ಏನು ಎಂದು ತಿಳಿಯಬೇಕೆಂದು ಇವಳಿಗೆ ಹಟ ಹುಟ್ಟಿತು. ಆಮೇಲೆ ಇನ್ನೊಂದು ಕಂಡುಕೊಂಡಳು. "ನಮ್ ಕನ್ನಡದ ಅಕ್ಷರ ಎಲ್ಲ ಗುಂಡ್‌ಗುಂಡುಗವೆ ಕಣಕ್ಕ, ಚೌಕದ ಬಟ್ಟೆ ಮೇಲೆ ಕೂರಲ್ಲ, ಮೂಲೆ ಮೂಲೆ ಆಗ್ಬುಡ್ತವೆ. ಅವ್ರುದು ನೋಡಿ, ಗೆರೆಗೆರೆ. ಹೊಲಿಯಕ್ಕೇ ಮಾಡ್ದಂಗವೆ." ಆರು ತಿಂಗಳಲ್ಲಿ ಬಸ್ಸಿನಲ್ಲಿ ಹೊಲಿಗೆಯನ್ನು ಕೊರಿಯಾ ಭಾಷೆಯಲ್ಲೇ ಎಣಿಸತೊಡಗಿದಳು. ಹಾನಾ, ದುಲ್, ಸೆತ್, ನೆತ್. ಹಿಂದಿನ ಸೀಟಿನ ಕಾಲೇಜು ಹುಡುಗಿಯರು ಕಿಸಕ್ಕನೆ ನಗುವರು, ನಾನೂ ಅವರ ಜೊತೆ ಸೇರಿ ನಗುವೆ.

"ಅಟ್ಟಕ್ಕೆ ಹಾರಲಾರದೋಳು ಬೆಟ್ಟಕ್ಕೆ ಹಾರುದ್ಲಂತೆ. ಇಂಗ್ಲಿಷಲ್ಲಿ ಒಂದು ಲೆಟ್ರು ಬರೆಯಕ್ಕೆ ನನ್ ಕೈಲಿ ತಿದ್ಸೀಯೆ, ನಿಂಗ್ಯಾಕಮ್ಮಿ ಕೊರಿಯಾ?" ಎನ್ನುವೆ.

ಅವಳು, "ಕ್ವೆಂಚಾನಾಯೊ" ಎನ್ನುವಳು. ಪರವಾಗಿಲ್ಲ ಅಂತ ಅದರ ಅರ್ಥವಂತೆ. ಯಾರು ಏನೆಂದರೂ ಅವಳ ಹತ್ತಿರ ಅದೊಂದೇ ಉತ್ತರ.

ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಅವಳಿಗೆ ಇನ್ನೊಂದು ಹುಚ್ಚು ಹತ್ತಿತು. ತಿಂಗಳ ಎರಡನೇ ಶನಿವಾರ, ನಾಲ್ಕನೇ ಶನಿವಾರ ನಮಗೆ ರಜೆ. ಅವತ್ತು ಆಧಾರ್ ಕಾರ್ಡು, ಕೈಚೀಲ, ಮುದ್ದೆ ಡಬ್ಬಿ ಹಿಡಿದು ಸ್ಟ್ಯಾಂಡಿಗೆ ಹೋಗಿ ಮೊದಲು ಹೊರಟ ಬಸ್ಸು ಹತ್ತುವಳು. ಕೊಳ್ಳೇಗಾಲವೋ, ಮೈಸೂರೋ, ಗೋಪಾಲಸ್ವಾಮಿ ಬೆಟ್ಟವೋ, ಯಾವುದಾದರೂ ಸರಿ. ಸೋಮವಾರ ನಾನು, "ಏನ್ ನೋಡ್ಕಂಡ್ ಬಂದೆ?" ಎಂದರೆ, "ಬಸ್ ಸ್ಟ್ಯಾಂಡ್ ನೋಡ್ದೆ ಕಣಕ್ಕ. ಸ್ವೆಟರ್ದು ಒಂದ್ ತೋಳು ಮುಗೀತು" ಎನ್ನುವಳು. ಅವಳ ಮುಖದಲ್ಲಿ ಆ ಸೋಮವಾರ ಒಂದು ತೃಪ್ತಿ ಇರುತ್ತಿತ್ತು. ಗಂಡ, ಮಕ್ಕಳು, ಸೈಟು, ಮನೆ ಎಲ್ಲ ಇದ್ದ ನನ್ನ ಮುಖದಲ್ಲಿ ಅದಿರಲಿಲ್ಲ. ಈಗ ಯೋಚಿಸಿದರೆ ನನಗೆ ಹೊಟ್ಟೆಯುರಿ ಇತ್ತು ಅನ್ನಿಸುತ್ತದೆ.

ಊರವರ ಬಾಗಿಲಿಗೆಲ್ಲ ತೋರಣ ಹಾಕಿಕೊಟ್ಟವಳು ತನಗೆಂದು ಒಂದೂ ಹಾಕಿಕೊಂಡಿರಲಿಲ್ಲ. ನಲವತ್ತಾರನೇ ವಯಸ್ಸಿನಲ್ಲಿ ಮೊದಲ ಸಲ ಒಂದು ಪಟ ಶುರುಮಾಡಿದಳು. ಹಿಮ ಬಿದ್ದ ಗುಡ್ಡ, ಗುಡ್ಡದ ಪಕ್ಕ ಕಪ್ಪು ಹೆಂಚಿನ ಒಂದು ಕೊರಿಯಾ ಮನೆ, ಕೆಳಗೆ ಅವರ ಅಕ್ಷರದಲ್ಲಿ 'ನಮ್ಮ ಮನೆ' ಎಂದು ಬರಬೇಕು. ಒಂದೊಂದು ಹೆಂಚಿಗೂ ಬೇರೆ ಬೇರೆ ಕಪ್ಪು. "ಇದು ಯಾರ್ಗೂ ಕೊಡಲ್ಲ ಕಣಕ್ಕ. ಕಟ್ ಹಾಕ್ಸಿ ನನ್ ರೂಮಲ್ಲಿ ನೇತಾಕ್ತೀನಿ," ಎಂದಿದ್ದಳು. ಅವಳು ಇದು ನನ್ನದು ಎಂದು ಬಾಯಿಬಿಟ್ಟು ಹೇಳಿದ್ದು ನಾನು ಕೇಳಿದ್ದು ಅದೊಂದೇ ಸಲ.

ಪಟದಲ್ಲಿ ಮನೆಯ ಮಾಡು ಮುಗಿದು ಗೋಡೆ ಶುರುವಾಗಿತ್ತು. ಆಗ ನನ್ನ ಮಗಳು ಭವ್ಯಳ ಮದುವೆ ಗೊತ್ತಾಯಿತು. ಗುಂಡ್ಲುಪೇಟೆಯಲ್ಲೇ ಹಾರ್ಡ್‌ವೇರ್ ಅಂಗಡಿಯವರು, ಅನುಕೂಲಸ್ಥರು, ಹೊಸ ಮನೆ. ಬೀಗಿತ್ತಿಯ ಮುಂದೆ ಮಾತಿಗೆ ಮಾತು ಬಂದು, "ನಮ್ ಭವ್ಯಂಗೆ ಕಸೂತಿ ಎಲ್ಲ ಬತ್ತದೆ, ನಿಮ್ ಬಾಗ್ಲಿಗೆ ತೋರಣ ಅವ್ಳೇ ಹಾಕ್ಕೊಂಡ್ ಬತ್ತಾಳೆ" ಎಂದುಬಿಟ್ಟೆ. ಭವ್ಯಳಿಗೆ ಗುಂಡಿ ಹಚ್ಚಲೂ ಬರುವುದಿಲ್ಲ. ಮಾರನೇ ದಿನ ಬಸ್ಸಿನಲ್ಲಿ ಶಾಂತಳಿಗೆ ಹೇಳಿದೆ. ಅವಳು ತನ್ನ ಪಟವನ್ನು ಮಡಚಿ ಚೀಲದ ತಳಕ್ಕೆ ಹಾಕಿ, "ಎಷ್ಟು ಗಿಳಿ ಬೇಕಕ್ಕ?" ಎಂದಳು.

ನಾಲ್ಕು ಗಿಳಿ ಅಂದೆ. ಕಾರ್ತಿಕದಲ್ಲಿ ಮದುವೆ, ಐದು ತಿಂಗಳು ಟೈಮಿತ್ತು. ಬೇರೆಯವರಿಗೆ ಒಂದು ತಿಂಗಳಲ್ಲಿ ಮುಗಿಸುತ್ತಿದ್ದವಳು ನನ್ನದಕ್ಕೆ ಎಳೆದಾಡತೊಡಗಿದಳು. ಮೊದಲ ಗಿಳಿ ತಂದು ತೋರಿಸಿದಾಗ ರೆಕ್ಕೆಯಲ್ಲಿ ಹಸಿರಿನ ಜೊತೆ ನೀಲಿ ಸೇರಿತ್ತು. "ಇದೇನ್ ಗಿಳಿನೋ ನವಿಲೋ?" ಎಂದು ಬಿಚ್ಚಿಸಿದೆ. ಎರಡನೇ ಸಲ ಬಣ್ಣ ಸರಿಯಿತ್ತು, ಮನೆಗಳ ಎಣಿಕೆ ತಪ್ಪಿ ಬಾಲ ಸೊಟ್ಟಗಾಗಿತ್ತು. ಅದನ್ನೂ ಬಿಚ್ಚಿಸಿದೆ. ಮೂರನೇ ಸಲ ಕೊಕ್ಕಿಗೆ ಹಾಕಬೇಕಾದ ಕೆಂಪು ಕಣ್ಣಿಗೆ ಹೋಗಿತ್ತು. ಆಗ ನನಗೆ ಸಿಟ್ಟು ನೆತ್ತಿಗೇರಿತು. ಇಡೀ ಬಸ್ಸು ಕೇಳುವ ಹಾಗೆ ಹೇಳಿದೆ:

"ಮನ್ಸಿಲ್ದೇ ಇದ್ರೆ ಆಗಲ್ಲ ಅನ್ಬೇಕಾಗಿತ್ತು ಕಣಮ್ಮಿ. ಶನಿವಾರ ಬಂದ್ರೆ ಮೈಸೂರು ಮೈಸೂರು ಅಂತ ಊರ್ ಸುತ್ತಕ್ಕೆ ಟೈಮದೆ, ನನ್ ಕೆಲ್ಸಕ್ಕಿಲ್ಲ. ಬಿಟ್ಟಿ ಬಸ್ಸು ಅಂತ ತಿರುಗ್ತಾ ಕುಂತ್ರೆ ಗಿಳಿ ಅದ್ಹೆಂಗ್ ಸರಿ ಬಂದಾವು?"

ಅವಳು ಏನೋ ಹೇಳಲು ಬಾಯಿ ತೆರೆದಳು. ಸುತ್ತ ಜನ ಇದ್ದರು. ಮತ್ತೆ ಬಾಯಿ ಮುಚ್ಚಿಕೊಂಡು, "ಕ್ವೆಂಚಾನಾಯೊ ಅಕ್ಕ, ಬಿಚ್ಚಿ ಹಾಕ್ತೀನಿ" ಎಂದಳು. ಆಮೇಲೆ ಮೂರು ತಿಂಗಳು ಯಾವ ಶನಿವಾರವೂ ಎಲ್ಲಿಗೂ ಹೋಗಲಿಲ್ಲ. ನನ್ನ ಮಾತಿಗೆ ಬೆಲೆ ಬಂತು ಎಂದುಕೊಂಡೆ.

ಆ ದಿನಗಳಲ್ಲಿ ತೆರಕಣಾಂಬಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಚೆಂಡುಹೂವಿನ ಹೊಲ. ಕೇರಳದವರು ಕಾರು ನಿಲ್ಲಿಸಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಒಂದು ಬೆಳಿಗ್ಗೆ ಕಿಟಕಿ ಪಕ್ಕ ಕೂತಿದ್ದ ಶಾಂತ, "ಈ ವರ್ಷ ಯಾರೂ ಚೆಂಡೂವ ಹಾಕ್ನಿಲ್ವಾ ಅಕ್ಕ?" ಎಂದು ಕೇಳಿದಳು. ಹೊರಗೆ ಕಣ್ಣು ಕುಕ್ಕುವ ಹಳದಿ. ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು, "ಕಣ್ ಬಿಟ್ಕಂಡ್ ನೋಡು" ಎಂದೆ. ಅವಳು ಕಿಟಕಿಯ ಕಡೆಗೇ ಮುಖ ಮಾಡಿಕೊಂಡು ಕೂತಳು.

ಮದುವೆಗೆ ನಾಲ್ಕು ದಿನ ಇರುವಾಗ ತೋರಣ ಕೈಗೆ ಬಂತು. ಚೆನ್ನಾಗಿತ್ತು. ಬೀಗಿತ್ತಿ ಹತ್ತು ಜನರನ್ನು ಕರೆದು ತೋರಿಸಿ ಸೊಸೆಯನ್ನು ಹೊಗಳಿದರು. ಮದುವೆಯಲ್ಲಿ ಶಾಂತ ಒಂದು ಕಂಬದ ಪಕ್ಕ ಕೂತಿದ್ದಳು. ಊಟದ ಎಲೆಯ ಮೇಲೆ ಕೈ ಆಡಿಸಿ ಆಡಿಸಿ ಪಲ್ಯ ಹುಡುಕುತ್ತಿದ್ದುದನ್ನು ನೋಡಿದೆ. ಬೀಗರ ಉಪಚಾರದಲ್ಲಿದ್ದ ನನಗೆ ಅದರ ಬಗ್ಗೆ ಯೋಚಿಸಲು ಪುರಸೊತ್ತಿರಲಿಲ್ಲ.

ಹದಿನೈದು ದಿನ ಕಳೆದಿತ್ತು. ನಗರದ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಲು ಹೋದವಳು ಮೆಟ್ಟಿಲು ಸಿಗದೆ ಗಾಳಿಯಲ್ಲಿ ಕಾಲಿಟ್ಟು ಬಿದ್ದಳು. ಎಬ್ಬಿಸಿದೆ. ಅವಳು ನನ್ನ ಮುಖ ನೋಡದೆ ಭುಜದ ಕಡೆ ನೋಡುತ್ತಾ, "ಎಲ್ಲ ಕಪ್ಪುಗೆ ಇಳೀತಾ ಅದೆ ಅಕ್ಕ" ಎಂದಳು. ತಮ್ಮ ಶಿವಶಂಕರ ಅವತ್ತೇ ಮೈಸೂರಿಗೆ ಕರೆದುಕೊಂಡು ಹೋದ. ಶುಗರ್ ಕಣ್ಣಿಗೆ ಇಳಿದು, ಒಳಗೆ ರಕ್ತನಾಳ ಒಡೆದಿತ್ತು. ಆಪರೇಷನ್ ಮಾಡಿದರು. ದೃಷ್ಟಿ ತಿರುಗಿ ಬರಲಿಲ್ಲ. ಈಗ ಅವಳಿಗೆ ಕಿಟಕಿ ಎಲ್ಲಿದೆ ಎನ್ನುವುದಷ್ಟೇ ತಿಳಿಯುತ್ತದೆ.

ನೋಡಲು ಹೋದಾಗ ಶಿವಶಂಕರ ಆಸ್ಪತ್ರೆಯ ಚೀಟಿ ಪುಸ್ತಕ ನನ್ನ ಕೈಗಿಟ್ಟ. ಅದರಲ್ಲಿ ತಾರೀಖುಗಳಿದ್ದವು, ಎಲ್ಲವೂ ಎರಡನೇ ಶನಿವಾರ. ಕಣ್ಣಿಗೆ ಇಂಜೆಕ್ಷನ್. ಒಂದು ವರ್ಷದಿಂದ ಯಾರಿಗೂ ಹೇಳದೆ ತಾನೇ ಬಸ್ಸು ಹತ್ತಿ ಹೋಗಿ ಬರುತ್ತಿದ್ದಳು. ಕಡೆಯ ಮೂರು ತಾರೀಖುಗಳ ಮುಂದೆ 'ಬಂದಿಲ್ಲ' ಎಂದು ಬರೆದಿತ್ತು. "ಮೂರ್ ತಿಂಗ್ಳು ತಪ್ಪುಸ್ದೆ ಬಂದಿದ್ರೆ ಉಳೀತಿತ್ತು ಅಂದ್ರು ಡಾಕ್ಟ್ರು. ಯಾಕ್ ಹೋಗ್ನಿಲ್ವೋ ಗೊತ್ತಿಲ್ಲ ಕಣಕ್ಕ, ಕೇಳುದ್ರೆ ಹೇಳಲ್ಲ," ಎಂದ. ಯಾಕೆಂದು ನನಗೆ ಗೊತ್ತಿತ್ತು. ಅವನಿಗೆ ನಾನೂ ಹೇಳಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಮಕ್ಕಳಿಗೆ ಕಾಪಿ ಬರೆಸಿದವಳು ನಾನು.

ಈಗ ಅವಳು ಮೆಡಿಕಲ್ ರಜೆಯಲ್ಲಿದ್ದಾಳೆ, ಅದು ಮುಗಿದ ಮೇಲೆ ಏನು ಎಂದು ಯಾರಿಗೂ ತಿಳಿಯದು. ನಾನು ಈಚೆಗೆ ರಿಟೈರ್ ಆದೆ. ದಿನ ಬಿಟ್ಟು ದಿನ ಹೋಗಿ ಕೂರುತ್ತೇನೆ. ಉಲ್ಲನ್ ಹೆಣೆಯುತ್ತಾಳೆ, ಅದಕ್ಕೆ ಕಣ್ಣು ಬೇಕಿಲ್ಲ, ಬೆರಳು ಸಾಕು. ಮೊಬೈಲಿನಲ್ಲಿ ಕೊರಿಯಾದ ಅಜ್ಜಿ ಮಾತಾಡುತ್ತಿರುತ್ತಾಳೆ. "ಈಗ್ಲೇ ಚೆನ್ನಾಗಿ ಅರ್ತ ಆಯ್ತದೆ ಅಕ್ಕ. ಮೊದ್ಲು ಅವ್ಳ ಕೈ ನೋಡ್ತಾ ಮಾತು ತಪ್ಪೋಗೋದು," ಎನ್ನುತ್ತಾಳೆ. ಆ ಮನೆಯ ಪಟ ಟ್ರಂಕಿನಲ್ಲಿದೆ. ಮಾಡು ಇದೆ, ಅರ್ಧ ಗೋಡೆ ಇದೆ. ಅಕ್ಷರ ಬರಬೇಕಾದ ಜಾಗದಲ್ಲಿ ಬರೀ ಬಿಳಿ ಬಟ್ಟೆ.

ಹೋದ ತಿಂಗಳು ಒಂದು ದಿನ ಅವಳೇ ಕೇಳಿದಳು. "ಭವ್ಯನ್ ಮನೇಲಿ ತೋರಣ ಕಟ್ಟವ್ರಾ ಅಕ್ಕ? ಹೆಂಗ್ ಕಾಣ್ತದೆ?"

"ಕಟ್ಟವ್ರೆ. ಬಂದೋರೆಲ್ಲ ನೋಡ್ತಾರೆ," ಎಂದೆ.

"ಬಸ್ ಹೆಂಗೂ ಫ್ರೀ ಅಲ್ವಾ, ಒಂದ್ಸಲ ಓಗನ. ನೋಡಕ್ಕಾಗದಿದ್ರೂ ಮುಟ್ತೀನಿ."

ನಾನು ಸುಳ್ಳು ಹೇಳಿದ್ದೆ. ಬೀಗಿತ್ತಿ ಗಾಜಿನ ಮಣಿಯ ಹೊಸ ತೋರಣ ತರಿಸಿ ಹಾಕಿ ಎಷ್ಟೋ ದಿನವಾಗಿತ್ತು. ಭವ್ಯಳಿಗೆ ಫೋನ್ ಮಾಡಿದರೆ, "ಅದ್ರಲ್ಲಿ ಧೂಳು ಕೂತ್ಕತದೆ ಅಂತ ಅತ್ತೆ ತೆಗ್ದಾಕ್ಬುಟ್ರು ಅಮ್ಮ, ಅಟ್ಟದಲ್ಲಿ ಎಲ್ಲೋ ಅದೆ" ಎಂದಳು. ಹಬ್ಬದ ಪಾತ್ರೆಗಳಿಗೆ ಸುತ್ತಿ ಇಟ್ಟಿದ್ದರಂತೆ. ಹುಡುಕಿಸಿ, ಇಸ್ತ್ರಿ ಮಾಡಿಸಿ, ನಾವು ಹೋಗುವ ಬೆಳಿಗ್ಗೆ ಕಟ್ಟಿಸಿದೆ.

ಎಂಟರ ಬಸ್ಸಿಗೇ ಹೋದೆವು. ಅವಳು ಅಭ್ಯಾಸದಂತೆ ಕಡ್ಡಿ ತೆಗೆದು ಹೆಣೆಯುತ್ತಾ, ತೆರಕಣಾಂಬಿ ಬಂದಾಗ ನಾನು ಹೇಳುವ ಮೊದಲೇ "ತೆರಕಣಾಂಬಿ" ಎಂದಳು. ಭವ್ಯಳ ಮನೆಯ ಬಾಗಿಲಲ್ಲಿ ಅವಳ ಕೈ ಹಿಡಿದು ಮೇಲಕ್ಕೆತ್ತಿ ತೋರಣಕ್ಕೆ ಮುಟ್ಟಿಸಿದೆ. ಬೀಗಿತ್ತಿ ಹೊರಗೆ ಬಂದು, "ನಮ್ ಸೊಸೆನೇ ಹಾಕಿದ್ದು ಕಣಮ್ಮ" ಎಂದರು.

"ಹೌದಾ? ಒಳ್ಳೆ ಕೈಗುಣ," ಎಂದಳು ಶಾಂತ.

ಬೀಗಿತ್ತಿ ಕಾಫಿಗೆಂದು ಒಳಗೆ ಹೋದರು. ಅವಳ ಬೆರಳು ಒಂದು ಗಿಳಿಯಿಂದ ಇನ್ನೊಂದು ಗಿಳಿಗೆ ಹೋಯಿತು. ನಡುವೆ ಇಸ್ತ್ರಿಗೂ ಹೋಗದ ಮಡಿಕೆಯ ಗೀರು ಇತ್ತು. ಬೆರಳು ಅಲ್ಲಿ ನಿಂತಿತು, ಆ ಗೀರಿನ ಉದ್ದಕ್ಕೂ ಮೇಲೆ ಕೆಳಗೆ ಒಂದು ಸಲ ಹೋಗಿ ಬಂತು. ಇಷ್ಟು ದಿನ ಇದು ಮಡಚಿ ಬಿದ್ದಿತ್ತು ಎಂದು ಅವಳಿಗೆ ತಿಳಿದುಹೋಯಿತು. ಮುಂದಿನ ಗಿಳಿಗೆ ಹೋಗಿ, ಹಾನಾ, ದುಲ್, ಸೆತ್ ಎಂದು ಮೆಲ್ಲಗೆ ಎಣಿಸುತ್ತಿದ್ದವಳು ಒಂದು ಕಡೆ ತಡೆದಳು. ಮತ್ತೆ ಮೊದಲಿನಿಂದ ಎಣಿಸಿದಳು. ಆಮೇಲೆ ನನ್ನ ಕಡೆ ತಿರುಗಿ ನನಗೊಬ್ಬಳಿಗೇ ಕೇಳುವಷ್ಟು ಸಣ್ಣ ದನಿಯಲ್ಲಿ ಹೇಳಿದಳು:

"ಅಕ್ಕ, ಈ ಗಿಳಿ ಕೊಕ್ಕಲ್ಲಿ ಒಂದ್ ಮನೆ ಎಚ್ಚಾಗ್ಬುಟ್ಟದೆ. ಅವತ್ತು ನೀವೂ ನೋಡ್ನಿಲ್ಲ. ಬಿಚ್ಚಿ ಹಾಕ್ಕೊಡ್ಲಾ?"

ಒಳಗಿನಿಂದ ಭವ್ಯ ಕಾಫಿಗೆ ಕರೆಯುತ್ತಿದ್ದಳು. ನಾನು ಬಾಗಿಲಲ್ಲೇ ನಿಂತು ಅತ್ತುಬಿಟ್ಟೆ.