ಒಂದು ಎಲೆಯೂ ಹೊರಗೆ ಹೋಗಲಿಲ್ಲ

ಬೆಟ್ಟಕ್ಕೆ ಬೆಂಕಿ ಹಚ್ಚಿದವರು ನಮ್ಮ ಹಟ್ಟಿಕೇರಿಯ ಹೆಂಗಸರೇ ಎಂದು ಕರೆಂಟು ಲೈನಿನ ಕಂಪನಿಯ ಸಾಹೇಬರು ನಮ್ಮ ಮುಖದ ಮೇಲೇ ಹೇಳಿದರು. ಹೇಳಿದ್ದು ಶಾಲೆಯ ಜಗಲಿಯಲ್ಲಿ, ಮೈಕ್ ಹಿಡಿದು, ನಾವೇ ಹಾಸಿಕೊಟ್ಟ ಜಮಖಾನದ ಮೇಲೆ ಕುರ್ಚಿ ಹಾಕಿಕೊಂಡು. ಅವತ್ತು ನನಗೆ ಬಂದ ಸಿಟ್ಟು ಇನ್ನೂ ಪೂರ್ತಿ ಇಳಿದಿಲ್ಲ. ಇಳಿಸಿಕೊಳ್ಳಬೇಕೆಂದು ನಾನು ಪ್ರಯತ್ನವನ್ನೂ ಮಾಡಿಲ್ಲ.

ನಮ್ಮ ಮನೆ ಬೆಟ್ಟದ ಬುಡದಲ್ಲೇ ಇದೆ. ಹಿತ್ತಲ ಬಾಗಿಲು ತೆಗೆದರೆ ಬಚ್ಚಲು, ಅದರಾಚೆ ಕೊಟ್ಟಿಗೆ, ಕೊಟ್ಟಿಗೆಯಾಚೆ ಬೆಟ್ಟ. ಬೆಟ್ಟ ಸರಕಾರದ್ದು, ಅದರಲ್ಲಿ ನಮಗೆ ತಕರಾರಿಲ್ಲ. ಆದರೆ ಅದನ್ನು ಗುಡಿಸುತ್ತಾ ಬಂದವರು ನಾವು. ಭತ್ತದ ಕೊಯ್ಲು ಮುಗಿದು, ಚಳಿ ಬಿದ್ದು, ಮರಗಳು ಎಲೆ ಉದುರಿಸತೊಡಗಿದವೆಂದರೆ ಊರಿನ ಹೆಂಗಸರೆಲ್ಲ ಬೆಳಗಿನ ಗಂಜಿ ಕುಡಿದು ಬೆಟ್ಟ ಹತ್ತುತ್ತಿದ್ದರು. ಕೈಯಲ್ಲಿ ತೆಂಗಿನ ಕಡ್ಡಿಗಳನ್ನು ಕೋಲಿಗೆ ಬಿಗಿದು ಕಟ್ಟಿದ ಉದ್ದನೆಯ ಪೊರಕೆ, ನಮ್ಮ ಮಾತಲ್ಲಿ ಹಿಡಿ; ಹೆಗಲ ಮೇಲೆ ಹಗ್ಗದ ಬಲೆಯ ಚೀಲ. ಆ ಚೀಲಕ್ಕೆ ನಾವು ಕಲ್ಲಿ ಎನ್ನುತ್ತೇವೆ. ಒಣಗಿದ ಎಲೆಗೆ ದರಕು. ದರಕು ಕೊಟ್ಟಿಗೆಯಲ್ಲಿ ದನದ ಕಾಲಡಿಗೆ ಹೋಗುತ್ತದೆ, ಅಲ್ಲಿಂದ ಗೊಬ್ಬರದ ಗುಂಡಿಗೆ, ಅಲ್ಲಿಂದ ಗದ್ದೆಗೆ. ನಾವು ಬೆಳೆಯುವ ಹರಿವೆ, ಬದನೆ, ಗೆಣಸು ಎಲ್ಲವೂ ಆ ಎಲೆಯನ್ನೇ ತಿಂದು ಬೆಳೆದವು. ಗದ್ದೆ ನಮ್ಮದಲ್ಲ, ಗೇಣಿಯದ್ದು. ಗೊಬ್ಬರವನ್ನೂ ಕೊಂಡು ತರಬೇಕೆಂದರೆ ಗದ್ದೆ ಬಿಟ್ಟು ಕಾರವಾರದ ಕಡೆ ಕೂಲಿಗೆ ಹೋಗಬೇಕಾಗುತ್ತದೆ.

ಬೆಟ್ಟದಲ್ಲಿ ಯಾವ ಮನೆಯವರು ಎಲ್ಲಿ ಗುಡಿಸಬೇಕು ಎಂಬುದು ಮರಗಳ ಲೆಕ್ಕದಲ್ಲಿ ನಿಂತಿತ್ತು. ನಮ್ಮ ಪಾಲು ಮುರುಗಲು ಮರದಿಂದ ಸೀಳಿದ ಬಂಡೆಯವರೆಗೆ. ಪಕ್ಕದವರ ಪಾಲಿಗೆ ಹಿಡಿ ಚಾಚಿದರೆ ಅಮ್ಮ ಬೈಯುತ್ತಿದ್ದಳು. ಮೊದಲು ಮನೆಗಳ ಹಿಂದಿನ ಅಂಚು, ಆಮೇಲೆ ದನದ ದಾರಿಯ ಎರಡೂ ಬದಿ. ಅಲ್ಲಿ ಮಣ್ಣು ಕಾಣುವಂತೆ ಗುಡಿಸಬೇಕು. ಬೀಡಿ ಸೇದುವವರು ಬೆಟ್ಟ ಹತ್ತುವಂತಿರಲಿಲ್ಲ. ಅಪ್ಪ ಬದುಕಿದ್ದಾಗ ಕಿವಿಯಲ್ಲಿ ಬೀಡಿ ಸಿಕ್ಕಿಸಿಕೊಂಡು ಕಲ್ಲಿ ಹೊರಲು ಬಂದರೆ ಅಮ್ಮ ಅದನ್ನು ತೆಗೆದು ಬಚ್ಚಲ ಹಂಡೆಯ ಮೇಲಿಟ್ಟೇ ಬೆಟ್ಟಕ್ಕೆ ಬಿಡುತ್ತಿದ್ದಳು. ಇದನ್ನೆಲ್ಲ ಯಾರೂ ಬೆಂಕಿ ತಡೆಯುವ ಕೆಲಸ ಎಂದು ಕರೆಯುತ್ತಿರಲಿಲ್ಲ. ದರಕಿಗೆ ಹೋಗುವುದು ಎನ್ನುತ್ತಿದ್ದೆವು, ಅಷ್ಟೆ.

ಆಮೇಲೆ ಲೈನು ಬಂತು. ಘಟ್ಟದ ಕಡೆಯಿಂದ ಕರೆಂಟು ಹೊತ್ತು ತರುವ ದೊಡ್ಡ ಕಂಬಗಳು ನಮ್ಮ ಮನೆಗಳಿಗೂ ಬೆಟ್ಟಕ್ಕೂ ನಡುವೆ ಸಾಲಾಗಿ ನಿಂತವು. ಅವುಗಳ ಕೆಳಗಿನ ಅಗಲ ಪಟ್ಟಿಯಲ್ಲಿ ಮರ ಕಡಿದರು. ದಿಮ್ಮಿ ಹೋಯಿತು, ಕೊಂಬೆ ಅಲ್ಲೇ ಬಿತ್ತು. ಪಟ್ಟಿಗೆ ತಂತಿ ಬೇಲಿ ಹಾಕಿ, ನಮ್ಮ ದನದ ದಾರಿಗೆ ಕಬ್ಬಿಣದ ಗೇಟು ನಿಲ್ಲಿಸಿ, ಬೀಗ ಜಡಿದು, ಕಾವಲಿಗೆ ಕೋಡಿಬಾಗದ ಒಬ್ಬನನ್ನು ಕೂರಿಸಿದರು. ಗೇಟಿನ ಒಳಗೆ ತಗಡಿನ ಶೆಡ್ಡು, ಶೆಡ್ಡಿನ ಮುಂದೆ ಡೀಸೆಲ್ ಪೀಪಾಯಿಗಳು. ಅಮ್ಮ ಎಂದಿನಂತೆ ಹಿಡಿ ಹಿಡಿದು ಹೋದಾಗ ಕಾವಲಿನವನು ಗೇಟಿಗೆ ಅಡ್ಡ ನಿಂತ.

"ಅಮ್ಮಾ, ಸಾಹೇಬ್ರು ಕಡಕ್ ಹೇಳಿದಾರೆ. ಒಳಗಿಂದ ಒಂದು ಎಲೆನೂ ಹೊರಗೆ ಹೋಗೂಕೆ ಬಿಡಬೇಡ ಅಂದಿದಾರೆ."

"ಎಲೆ ಕದ್ದು ನಾ ಎಂತಾ ಬಂಗ್ಲೆ ಕಟ್ತೆ ತಮಾ?" ಎಂದಳು ಅಮ್ಮ.

ಅವನಿಗೆ ನಗು ಬಂತು, ಬೀಗ ಮಾತ್ರ ತೆಗೆಯಲಿಲ್ಲ. ಪಾಪ, ಅವನದೂ ಹೊಟ್ಟೆಪಾಡು. ಅಮ್ಮ ಖಾಲಿ ಕಲ್ಲಿ ಹೊತ್ತು ವಾಪಸು ಬಂದಳು.

ಕಂಪನಿಯ ಸಾಹೇಬರು ದಡ್ಡರೇನಲ್ಲ. ತಂತಿಯ ಕೆಳಗೆ ಒಣ ಎಲೆ ಇರಬಾರದೆಂದು ಅವರಿಗೂ ಗೊತ್ತಿತ್ತು. ಅದಕ್ಕೇ ಬೇರೆ ಊರಿನ ಆಳುಗಳನ್ನು ಕರೆಸಿ, ಬೆನ್ನಿಗೆ ಕಟ್ಟಿಕೊಂಡು ಗಾಳಿ ಊದುವ ಯಂತ್ರ ಕೊಟ್ಟರು. ನಾನು ಅಂಗನವಾಡಿಯ ಕಾರ್ಯಕರ್ತೆ. ಆ ಯಂತ್ರದ ಸದ್ದಿಗೆ ನನ್ನ ಮಕ್ಕಳು ಹಾಡು ಬಿಟ್ಟು ಬೆನ್ನ ಮೇಲೆ ಚೀಲ ಹಾಕಿಕೊಂಡು ಭುರ್ರೆಂದು ಊದಿಕೊಂಡು ಓಡಾಡಿದವು. ಪಟ್ಟಿ ಕ್ಲೀನಾಯಿತು. ಊದಿದ ಎಲೆ ಎಲ್ಲಿಗೆ ಹೋಯಿತು? ಅರ್ಧ ಬೆಟ್ಟದ ಕಡೆ, ಅರ್ಧ ನಮ್ಮ ಕಡೆ. ಬೇಲಿಗೆ ತಡೆದು, ಅದರ ಒಳಬದಿಯ ಉದ್ದಕ್ಕೂ ಮೊಣಕಾಲೆತ್ತರ ಏರಿ ಕಟ್ಟಿದಂತೆ ಬಿದ್ದಿತ್ತು. ಅದನ್ನಾದರೂ ಒಯ್ಯುತ್ತೇವೆ ಎಂದರೆ ಅದು ಬೇಲಿಯ ಒಳಗಿನದು, ಮುಟ್ಟುವಂತಿಲ್ಲ. ಕೊಟ್ಟಿಗೆಯಲ್ಲಿ ದನ ಬರಿ ನೆಲದಲ್ಲಿ ಮಲಗುತ್ತಿದ್ದವು, ಹತ್ತು ಮಾರು ದೂರದಲ್ಲಿ ಎಲೆ ಕೊಳೆಯದೆ ಒಣಗುತ್ತಿತ್ತು.

ಹೀಗೆ ಎರಡು ವರ್ಷದ ಎಲೆ ಕೂಡಿತು. ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ, ಒಂದು ಮಧ್ಯಾಹ್ನ ಬೆಂಕಿ ಬಂತು.

ಎಲ್ಲಿಂದ ಬಂತು ಎಂದು ನನಗೆ ಗೊತ್ತಿಲ್ಲ. ನಾನು ನೋಡದ್ದನ್ನು ಹೇಳುವವಳಲ್ಲ. ನೋಡಿದ್ದು ಇಷ್ಟು: ಕಡಿದು ಬಿಟ್ಟ ಕೊಂಬೆಗಳು ಪಟ್ಟಿಯಲ್ಲಿ ಉರಿಯುತ್ತಿದ್ದವು, ಬೇಲಿಯ ಬದಿಯ ಎಲೆಯ ರಾಶಿಗೂ ಹತ್ತಿಕೊಂಡಿತ್ತು, ಗಾಳಿ ಮನೆಗಳ ಕಡೆ ಇತ್ತು. ಮಕ್ಕಳನ್ನು ಅವರವರ ಮನೆಯವರಿಗೆ ಒಪ್ಪಿಸಿ ನಾನು ಓಡಿದೆ. ಊರೆಲ್ಲ ಹಸಿ ಸೊಪ್ಪು ಮುರಿದುಕೊಂಡು ಬಡಿಯುತ್ತಿತ್ತು. ಅಮ್ಮ ದನದ ಕಣ್ಣಿ ಬಿಚ್ಚಿ ಗದ್ದೆಗೆ ಅಟ್ಟಿದಳು. ಒಟ್ಟಿಟ್ಟಿದ್ದ ನಮ್ಮ ಹುಲ್ಲಿನ ಕುತ್ರಿ ಸುಟ್ಟುಹೋಯಿತು, ಕೊಟ್ಟಿಗೆಯ ಮಾಡಿನ ಒಂದು ಮೂಲೆ ಹೋಯಿತು. ಮನೆ ಉಳಿಯಿತು. ಸಂಜೆ ಬೇಲೆಕೇರಿಯಿಂದ ಮೀನು ತರುವಾಕೆ ಬುಟ್ಟಿಯನ್ನು ನಮ್ಮ ಅಂಗಳದಲ್ಲಿಟ್ಟು, "ಇವತ್ತು ಒಲೆ ಹಚ್ಚಬೇಡಿ, ಬೆಂಕಿ ನೋಡಿ ಸಾಕಾಯ್ತು," ಎಂದು ತನ್ನ ಮನೆಯಿಂದಲೇ ಅನ್ನ, ಸಾರು ತರಿಸಿ ಬಡಿಸಿದಳು. ಆ ಊಟದ ರುಚಿ ನನಗೆ ನೆನಪಿಲ್ಲ, ಬಾಯಿ ತುಂಬ ಬೂದಿಯಿತ್ತು.

ಅದಾದ ಮೇಲೇ ಶಾಲೆಯ ಜಗಲಿಯ ಸಭೆ. ಹೆಂಗಸರು ದರಕಿನ ಆಸೆಗೆ ಕದ್ದು ಒಳಗೆ ಬಂದು ಬೆಂಕಿ ಬಿಟ್ಟಿರಬೇಕು, ಇನ್ನು ಮುಂದೆ ಬೇಲಿ ಹತ್ತಿರ ಸುಳಿದರೆ ಕೇಸು ಎಂದು ಸಾಹೇಬರು ಹೇಳಿದರು. ಗಂಡಸರು ನೆಲ ನೋಡಿದರು. ಅಮ್ಮ ಎದ್ದು ನಿಂತಳು.

"ನಮ್ಮ ಕುತ್ರಿಗೆ ನಾವೇ ಬೆಂಕಿ ಹಾಕೂಕೆ ನಮಗೇನು ಮರುಳಾ? ನಾವು ಗುಡಿಸೂಕೆ ಹೋದಷ್ಟು ದಿನ ಈ ಬೆಟ್ಟ ಮನೆಗೆ ಬಂದದ್ದಿಲ್ಲ. ನೀವು ಬೀಗ ಹಾಕಿದ್ರಿ, ಬಂತು. ನಾ ಮುಂದಿನ ವರ್ಷ ಗುಡಿಸೂದೇ. ಕೇಸು ಹಾಕುದಾದ್ರೆ ನನ್ನ ಹೆಸ್ರು ಮೊದ್ಲು ಬರ್ಕಳಿ."

ಅಮ್ಮ ಕೂತಳು. ಮೈಕ್ ಕೀಂ ಎಂದಿತು. ಸಭೆ ಚಹಾ ಇಲ್ಲದೆ ಮುಗಿಯಿತು.

ಈ ಮಾತನ್ನು ಅವಳು ಮರೆಯಲಿ ಎಂದು ನಾನು ಒಳಗೊಳಗೇ ಹಾರೈಸಿದ್ದೆ ಎಂದರೆ ಸುಳ್ಳಲ್ಲ. ಮಳೆಗಾಲ ಹೋಯಿತು, ಕೊಯ್ಲು ಹೋಯಿತು, ಸುಡದೆ ಉಳಿದ ಮರಗಳು ಎಲೆ ಉದುರಿಸತೊಡಗಿದವು. ಒಂದು ದಿನ ನೋಡುತ್ತೇನೆ, ಅಮ್ಮ ಜಗಲಿಯಲ್ಲಿ ಕೂತು ಹೊಸ ಹಿಡಿ ಕಟ್ಟುತ್ತಿದ್ದಾಳೆ. ಮಾರನೆಯ ದಿನ ಆಚೆ ಮನೆಯಲ್ಲೂ ಕಟ್ಟುತ್ತಿದ್ದರು. ಅದರ ಮಾರನೆಯ ದಿನ ನನಗೆ ಫೋನು ಬಂತು. ಅಂಗನವಾಡಿಯ ಮೇಲಿನವರು. ಸರಕಾರದ ಗೌರವಧನ ತಿನ್ನುವವಳು ಇಂಥದ್ದರಲ್ಲಿ ಕಂಡರೆ ಕೆಲಸ ಉಳಿಯುವುದಿಲ್ಲ, ತಿಳಿದುಕೋ ಎಂದರು. ತಿಳಿದುಕೊಂಡೆ. ಆ ಕೆಲಸ ಹೋದರೆ ನಮ್ಮ ಮನೆಗೆ ಗದ್ದೆಯೊಂದೇ ಗತಿ, ಗದ್ದೆಗೆ ದರಕೇ ಗತಿ. ಹೀಗಿರುವಾಗ ಹೆದರಿ ಯಾವ ಕಡೆಗೆ ಓಡುವುದು? "ಮಕ್ಕಳಿಗೆ ಮೊಟ್ಟೆ ಕೊಟ್ಟು, ಬಾಗಿಲು ಹಾಕಿದ ಮೇಲೆ ನನ್ನ ಹೊತ್ತು ನನ್ನದು," ಎಂದು ಫೋನಿಟ್ಟೆ. ಜಗಲಿಗೆ ಹೋಗಿ ಅಮ್ಮ ಕಟ್ಟಿಟ್ಟಿದ್ದ ಹಿಡಿ ಎತ್ತಿಕೊಂಡೆ.

ಗೇಟನ್ನು ನಾವು ಮುಟ್ಟಲಿಲ್ಲ. ಬೇಲಿ ಹಳ್ಳದ ದಂಡೆಯವರೆಗೆ ಬಂದು ನಿಂತಿತ್ತು. ಎಲೆ ಬೀಳುವ ಕಾಲಕ್ಕೆ ಹಳ್ಳದಲ್ಲಿ ಪಾದ ಮುಳುಗುವಷ್ಟೂ ನೀರಿರುವುದಿಲ್ಲ. ಸೀರೆ ಎತ್ತಿ ಕಟ್ಟಿ ಹಳ್ಳದೊಳಗೆ ನಡೆದು ಬೇಲಿಯ ಒಳಬದಿಗೆ ಹತ್ತಿದೆವು. ಗುಡಿಸಿದೆವು. ಬೇಲಿಯ ಅಂಚು, ಪಟ್ಟಿಯ ಎರಡೂ ಬದಿ, ದನದ ದಾರಿ, ಮುರುಗಲು ಮರದಿಂದ ಸೀಳಿದ ಬಂಡೆಯವರೆಗೆ. ದಿನಾ ನಾನು ಮಧ್ಯಾಹ್ನದ ಮೇಲೆ ಹೋಗಿ ಕೂಡಿಕೊಳ್ಳುತ್ತಿದ್ದೆ. ಕಾವಲಿನವನು ಹಿಂದೆ ಮುಂದೆ ಓಡಾಡಿ, "ಬಾಯೇ, ನನ್ನ ಹೊಟ್ಟೆ ಮೇಲೆ ಹೊಡೀಬೇಡಿ," ಎಂದು ಕೈ ಮುಗಿದ.

"ನಿನ್ನ ಹೊಟ್ಟೆಗೆ ಕಲ್ಲು ಹಾಕೂದಿಲ್ಲ," ಎಂದಳು ಅಮ್ಮ. "ನಿನ್ನ ಸಾಹೇಬ್ರು ಎಂತಾ ಹೇಳಿದಾರೆ? ಒಂದು ಎಲೆನೂ ಹೊರಗೆ ಹೋಗೂಕಾಗ, ಅಲ್ದಾ? ಹೋಗೂದಿಲ್ಲ. ನೋಡ್ತಾ ಇರು."

ಗುಡಿಸಿದ ದರಕನ್ನೆಲ್ಲ ಕಲ್ಲಿಗೆ ತುಂಬಿ, ಬೇಲಿಯ ಒಳಗೇ ಹೊತ್ತು ತಂದು, ಶೆಡ್ಡಿನ ಮುಂದಿನ ಅಂಗಳಕ್ಕೆ ಸುರಿದೆವು. ದಿನ ದಿನವೂ ರಾಶಿ ಏರಿತು. ಪೀಪಾಯಿಗಳು ಮುಚ್ಚಿಹೋದವು, ಕಿಟಕಿ ಮುಚ್ಚಿಹೋಯಿತು, ಬಾಗಿಲಿಗೆ ಹೋಗಲು ಒಂದು ಓಣಿ ಬಿಟ್ಟೆವು. ಆ ರಾಶಿಯ ಪಕ್ಕ ಅಮ್ಮ ನೀರಿನ ಕೊಡಗಳ ಸಾಲು ಇಟ್ಟುಕೊಂಡು ಕೂತಳು. ಕಾವಲಿನವನು ಬೀಡಿ ತೆಗೆದಾಗ ಅವನ ಕೈಯಿಂದ ಕಿತ್ತುಕೊಂಡಳು. ಡೀಸೆಲ್ಲಿನ ಪಕ್ಕ ಬೀಡಿ ಸೇದಬಾರದೆಂದು ಅದಕ್ಕೆ ಮೊದಲು ಅವನಿಗೆ ಯಾರೂ ಹೇಳಿರಲಿಲ್ಲವಂತೆ.

ಮೀನಿನವಳು ಬುಟ್ಟಿ ಹೊತ್ತು ಗೇಟಿನ ಹೊರಗೆ ನಿಂತು ನೋಡಿದಳು, ಹೊಟ್ಟೆ ಹುಣ್ಣಾಗುವಷ್ಟು ನಕ್ಕಳು, ಆಮೇಲೆ ಅಂಕೋಲೆಯ ಪೇಟೆಗೆ ಹೋಗಿ ಮೀನಿನ ಜೊತೆ ಸುದ್ದಿಯನ್ನೂ ಮಾರಿದಳು. ಮರುದಿನ ಜನ ಬೈಕಿನಲ್ಲಿ ಬಂದು ಫೋಟೋ ತೆಗೆಯತೊಡಗಿದರು. ಸಾಹೇಬರ ಜೀಪು ಕಾರವಾರದಿಂದ ಬಂತು.

ಅವರು ಇಳಿದು, ರಾಶಿಯನ್ನು ನೋಡಿ, ನಿಂತೇಬಿಟ್ಟರು. "ಏನಿದು? ಏನು ಮಾಡ್ತಾ ಇದ್ದೀರಿ ನೀವು?"

"ಎಲೆ ಸ್ವಾಮಿ. ನಿಮ್ದೇ," ಎಂದಳು ಅಮ್ಮ. "ಒಂದೂ ಹೊರಗೆ ಹೋಗ್ಲಿಲ್ಲ. ಬೇಕಾರೆ ಎಣಿಸ್ಕಳಿ."

ಸಾಹೇಬರು ಕೂಗಾಡಿದರು. ಪೊಲೀಸರನ್ನು ಕರೆಯುತ್ತೇನೆ ಎಂದರು. ಕರೆಯಿರಿ, ಅವರಿಗೂ ಒಂದೊಂದು ಹಿಡಿ ಕೊಡುತ್ತೇವೆ ಎಂದೆ ನಾನು. ಆ ಮಾತು ನನ್ನ ಬಾಯಿಂದಲೇ ಬಂತೇ ಎಂದು ನನಗೇ ಆಶ್ಚರ್ಯ. ಅವರು ಪೀಪಾಯಿಗಳಿದ್ದ ಕಡೆ ನೋಡಿದರು, ಮೇಲೆ ತಂತಿ ನೋಡಿದರು, ಬಿಸಿಲು ನೋಡಿದರು. ದನಿ ಇಳಿಯಿತು.

"ಆಯ್ತು. ತೆಗೆದುಕೊಂಡು ಹೋಗಿ. ಈಗಲೇ."

"ಯಾವ ದಾರಿಲಿ?" ಅಮ್ಮ ಕೂತಲ್ಲಿಂದ ಏಳಲಿಲ್ಲ. "ತಲೆ ಮೇಲೆ ಕಲ್ಲಿ ಇಟ್ಕಂಡು ಹಳ್ಳ ಇಳಿಯೂಕೆ ಆಗೂದಿಲ್ಲ. ಗೇಟು ತೆಗೀರಿ."

"ಇವತ್ತು ಮಾತ್ರ ತೆಗೆಸ್ತೇನೆ."

"ಹಂಗಾರೆ ಇವತ್ತಿನ ಎಲೆ ಒಯ್ತೆವು. ನಾಳೆ ಬೀಳೂ ಎಲೆ ಇಲ್ಲೇ ಹಾಕ್ತೆವು."

ಅವರು ಕಾವಲಿನವನನ್ನು ಕರೆದು, ಬೀಗದ ಕೈ ಅವನ ಅಂಗೈಗೆ ಬಡಿದು, ಮಳೆ ಬೀಳುವವರೆಗೆ ತೆಗೆದಿಡು ಎಂದು ಹೇಳಿ ಜೀಪು ಹತ್ತಿದರು. ನಮ್ಮನ್ನು ನೋಡಲಿಲ್ಲ. ಅವತ್ತು ಸಂಜೆಯವರೆಗೆ ಊರಿಗೆ ಊರೇ ದರಕು ಹೊತ್ತಿತು, ಗಂಡಸರೂ ಬಂದರು. ಕೊಟ್ಟಿಗೆಯಲ್ಲಿ ಮೊಣಕಾಲುದ್ದ ಹಾಸಿದಾಗ ನಮ್ಮ ಹಸು ಮೂಸಿ ನೋಡಿ ಮಲಗಿತು. ಆ ಬೇಸಿಗೆ ನಮ್ಮ ಕಡೆ ಬೆಂಕಿ ಬರಲಿಲ್ಲ. ನನ್ನ ಕೆಲಸವೂ ಹೋಗಲಿಲ್ಲ. ಫೋನು ಮಾತ್ರ ಆಗಾಗ ಬರುತ್ತದೆ, ನಾನೂ ಅದೇ ಉತ್ತರ ಕೊಡುತ್ತೇನೆ.

ಈಗ ಮತ್ತೆ ಎಲೆ ಬೀಳುವ ಕಾಲ. ಹಳೆಯ ಸಾಹೇಬರಿಗೆ ವರ್ಗವಾಗಿದೆ, ಹೊಸಬರು ಬಂದಿದ್ದಾರೆ, ಬಂದವರೇ ಗೇಟಿಗೆ ಹೊಸ ಬೀಗ ಹಾಕಿಸಿದ್ದಾರೆ. ಹಳ್ಳದವರೆಗಿದ್ದ ಬೇಲಿಯನ್ನು ಹಳ್ಳದೊಳಗೂ ಇಳಿಸಿದ್ದಾರಂತೆ. ಅಮ್ಮನ ಮಂಡಿ ಈಗ ಮೊದಲಿನ ಹಾಗಿಲ್ಲ. ಆದರೂ ಹಿಡಿ ಕಟ್ಟಿದ್ದಾಳೆ, ನನಗೊಂದು, ತನಗೊಂದು. ಬೇಲಿಗೆ ಇನ್ನೊಂದು ಕೊನೆ ಇರಲೇಬೇಕು, ಅಲ್ಲಿಯವರೆಗೆ ನಡೆದರಾಯಿತು ಎನ್ನುತ್ತಾಳೆ.

ಮೊನ್ನೆ ಕಾವಲಿನವನು ನಮ್ಮ ಜಗಲಿಗೆ ಬಂದು ಕೂತು, "ಬಾಯೇ, ಈ ಸಲ ಎಲೆ ಎಲ್ಲಿ ಹಾಕ್ತೀರಿ?" ಎಂದು ಕೇಳಿದ.

"ಹೋದ ಸಲದ ಜಾಗದಲ್ಲೇ," ಎಂದಳು ಅಮ್ಮ.

ಅವನು ತಲೆಯಾಡಿಸಿ ಎದ್ದು ಹೋದ. ಹಿತ್ತಲಿಗೆ ಹೋಗಿ ನೋಡಿದೆ. ಬೀಗ ಹಾಕಿದ ಗೇಟಿನ ಒಳಗೆ ಒಬ್ಬನೇ ನಿಂತು, ಡೀಸೆಲ್ ಪೀಪಾಯಿಗಳನ್ನು ಒಂದೊಂದಾಗಿ ಉರುಳಿಸಿ ನಮಗೆ ಜಾಗ ಮಾಡುತ್ತಿದ್ದ.